ಕಾಗಿಣಾ ದಂಡೆಯ ಚೀಸು

ಮೇ ತಿಂಗಳ ಮಧ್ಯಾಹ್ನ ವಾಡಿ ಜಂಕ್ಷನ್ನಿನಲ್ಲಿ ಇಳಿದು ಸೇಡಂ ಕಡೆ ಹೋಗುವ ಗಾಡಿಗೆ ಕಾಯುತ್ತ ನಿಂತವರ ಬಾಯಲ್ಲಿ ಬರುವ ಮಾತು ಒಂದೇ, ಬಿಸಿಲು. ಅದರ ಬೆನ್ನಿಗೇ ಮಜ್ಜಿಗೆ, ಕಲ್ಲಂಗಡಿ, ಮಡಕೆಯ ನೀರು. ಅಂಥ ಹೊತ್ತಿನಲ್ಲಿ ಯಾರಾದರೂ ಚೀಸಿನ ಸುದ್ದಿ ತೆಗೆದರೆ ಪಕ್ಕದವರು ಮುಖ ನೋಡಿಯಾರು. "ಚೀಸಾ? ಅದು ತಂಪು ಸೀಮಿ ಮಂದಿ ತಿನ್ನೂದ್ರೀ" ಎಂದು ಮಾತು ಮುಗಿಸಿಯೂ ಬಿಟ್ಟಾರು.

ಆ ಮಾತಿನಲ್ಲಿ ಅರ್ಧ ಸತ್ಯ ಇದೆ. ತಿಂಗಳುಗಟ್ಟಲೆ ಇಟ್ಟು ಹದಗೊಳಿಸುವ ಗಟ್ಟಿ ಚೀಸಿಗೆ 10ರಿಂದ 13 ಡಿಗ್ರಿಯ ತಂಪು, ಸದಾ ತೇವವಿರುವ ನೆಲಮಾಳಿಗೆ ಬೇಕು. ಫ್ರಾನ್ಸಿನಲ್ಲೋ ಸ್ವಿಟ್ಜರ್ಲೆಂಡಿನಲ್ಲೋ ಗುಡ್ಡದ ಗವಿಗಳೇ ಆ ಕೆಲಸ ಮಾಡಿಕೊಡುತ್ತವೆ. ನಮ್ಮಲ್ಲಿ ಬೇಸಿಗೆಯ ಪಾರಾ 42, 43 ದಾಟುತ್ತದೆ. ಬೆಳಿಗ್ಗೆ ಕರೆದ ಹಾಲನ್ನು ಕಾಸದೆ ಇಟ್ಟರೆ ಮಧ್ಯಾಹ್ನದ ಊಟಕ್ಕೆ ಅದು ಉಳಿಯುವುದಿಲ್ಲ. ಹಾಗಾಗಿ ನಮ್ಮ ಹಿರಿಯರು ಹಾಲನ್ನು ಹೆಪ್ಪು ಹಾಕಿದರು, ಕಡೆದು ಬೆಣ್ಣೆ ತೆಗೆದರು, ಕಾಸಿ ತುಪ್ಪ ಮಾಡಿದರು, ಬತ್ತಿಸಿ ಖವಾ ಮಾಡಿದರು. ಇವೆಲ್ಲ ಬಿಸಿಲಿನ ಜೊತೆ ಬಾಳಲು ಕಂಡುಕೊಂಡ ಜಾಣ ದಾರಿಗಳು. ಆದರೆ ಇಷ್ಟೇ ನಮ್ಮದು, ಹಾಲನ್ನು ಗಟ್ಟಿ ಮಾಡಿ ತಿನ್ನುವುದು ಪರರದ್ದು ಎಂದುಕೊಂಡರೆ ಸತ್ಯದ ಇನ್ನರ್ಧ ಕೈತಪ್ಪುತ್ತದೆ. ಆ ಇನ್ನರ್ಧ ಕನ್ನಡದಲ್ಲೇ ಇದೆ. ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ.

ವಾಡಿಯಿಂದ ಸಿಕಂದರಾಬಾದ್ ಕಡೆಗೆ ಹೋಗುವ ಹಳಿ ನಿಜಾಮರ ಕಾಲದ್ದು, 1874ರದ್ದು. ಆ ಹಳಿಯ ಮೇಲೆ ಚಿತ್ತಾಪುರ ದಾಟಿ, ಸೇಡಂ ಇನ್ನೂ ಬಾರದಿರುವಾಗ, ಮಳಖೇಡ ರೋಡ್ ಎಂಬ ನಿಲ್ದಾಣ ಸಿಗುತ್ತದೆ. ಎಕ್ಸ್‌ಪ್ರೆಸ್ ಗಾಡಿಯಲ್ಲಿ ಕೂತವರಿಗೆ ಬೋರ್ಡು ಓದುವಷ್ಟರಲ್ಲಿ ಮುಗಿದುಹೋಗುವ ನಿಲ್ದಾಣ. ಕಾಗಿಣಾ ನದಿಯ ದಂಡೆಯ ಈ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ, 'ಕವಿರಾಜಮಾರ್ಗ' ಹುಟ್ಟಿದ ಅರಸು ಮನೆತನದ ರಾಜಧಾನಿ. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಸೋಲಿಸಿದ ಮೇಲೆ ಊರು ಚಾಲುಕ್ಯರ ಕೈಗೆ ಬಂತು. ಆ ವಂಶದ ಜಯಸಿಂಹ ಆಳುತ್ತಿದ್ದಾಗ, 1025ರ ಸುಮಾರಿಗೆ, ಚಾವುಂಡರಾಯನೆಂಬ ಪಂಡಿತ 'ಲೋಕೋಪಕಾರ' ಬರೆದ. ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಬೇರೆ, ಇವನು ಬೇರೆ. ಕಲ್ಯಾಣವನ್ನು ರಾಜಧಾನಿ ಮಾಡಿದ ಕೀರ್ತಿ ಜಯಸಿಂಹನ ಮಗ ಸೋಮೇಶ್ವರನದು. ಅಂದಮೇಲೆ ಆ ಪುಸ್ತಕ ಹುಟ್ಟಿದ ಕಾಲಕ್ಕೆ ರಾಜ್ಯದ ಕಣ್ಣೆಲ್ಲ ಇನ್ನೂ ನಮ್ಮ ಕಾಗಿಣಾ ದಂಡೆಯ ಮೇಲೆಯೇ ಇತ್ತು ಎಂದು ನಾನು ಹೆಮ್ಮೆಯಿಂದ ಹೇಳುತ್ತೇನೆ.

'ಲೋಕೋಪಕಾರ' ಹೆಸರಿಗೆ ತಕ್ಕ ಪುಸ್ತಕ. ಬಾವಿ ತೋಡಲು ನೀರಿನ ಸೆಲೆ ಎಲ್ಲಿದೆ, ಮನೆ ಯಾವ ದಿಕ್ಕಿಗೆ ಕಟ್ಟಬೇಕು, ಗಿಡಕ್ಕೆ ರೋಗ ಬಂದರೆ ಏನು ಮಾಡಬೇಕು, ಸುಗಂಧದ್ರವ್ಯ ಹೇಗೆ ಕೂಡಿಸಬೇಕು, ಅಡುಗೆ ಹೇಗೆ ಮಾಡಬೇಕು ಎಂಬುದನ್ನೆಲ್ಲ ಅದು ಹೇಳುತ್ತದೆ. ಆ ಅಡುಗೆಯ ಭಾಗದಲ್ಲಿ ಹಾಲನ್ನು ಗಟ್ಟಿಗೊಳಿಸುವ ಎರಡು ವಿಧಾನಗಳಿವೆ. ಒಂದರಲ್ಲಿ ರಾಜಗಿರಿ ಜಾತಿಯ ಗಿಡದ ಬೇರನ್ನೋ, ನೀರಿನ ಬದಿಗೆ ಬೆಳೆಯುವ ಒಂದು ಮುಳ್ಳುಗಿಡದ ಎಲೆಯನ್ನೋ ಬಳಸಿ ಎಮ್ಮೆಯ ಹಾಲನ್ನು ಗಟ್ಟಿ ಮಾಡುತ್ತಾರೆ. ಹೀಗೆ ಮಾಡಿದ ಮೆತ್ತನೆಯ ಗಿಣ್ಣಿಗೆ ಅಲ್ಲಿ ಹಾಲುವುಗ ಎಂಬ ಹೆಸರು. ಇನ್ನೊಂದರಲ್ಲಿ ಮುದ್ರೆ ಗಿಡದ ಜಾತಿಯ ಸೊಪ್ಪಿನಿಂದ ಎಮ್ಮೆಯ ಹಾಲನ್ನೇ ಗಟ್ಟಿಗೊಳಿಸಿ, ಉಂಡೆ ಕಟ್ಟಿ, ಸಿಹಿ ತಿನಿಸಿಗೆ ಬಳಸುತ್ತಾರೆ. ಮುದ್ರೆ ಗಿಡ ನಮ್ಮ ಹೊಲದ ಬದುವಿನ ಮೇಲೆ, ಪಾಳು ಗೋಡೆಯ ಬುಡದಲ್ಲಿ ತಾನಾಗಿ ಬೆಳೆಯುವ ಹಳದಿ ಹೂವಿನ ಗಿಡ. ಅದರ ಕಾಯಿ ಠಸ್ಸೆಯಂತೆ ಗುಂಡಗೆ ಇರುತ್ತದೆ. ಮಕ್ಕಳು ಅದನ್ನು ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತಿ ಆಡುತ್ತಾರೆ. ಆ ಗಿಡದ ಪಕ್ಕದಲ್ಲಿ ದಿನಾ ಓಡಾಡುವ ನಾವು ಅದಕ್ಕೂ ಹಾಲಿಗೂ ಇದ್ದ ನಂಟನ್ನು ಪೂರಾ ಮರೆತುಬಿಟ್ಟೆವು.

ಇನ್ನೊಂದು ನೂರು ವರ್ಷ ಕಳೆಯಲಿ. ರಾಜಧಾನಿ ಕಲ್ಯಾಣಕ್ಕೆ, ಈಗಿನ ಬಸವಕಲ್ಯಾಣಕ್ಕೆ ಹೋಗಿದೆ. ಮೂರನೆಯ ಸೋಮೇಶ್ವರ 1126ರಿಂದ 1138ರವರೆಗೆ ಆಳುತ್ತ, ಅರಸನ ಬದುಕಿನ ಸಕಲ ಭೋಗಗಳನ್ನೂ ಸಂಸ್ಕೃತದಲ್ಲಿ ಬರೆಯುತ್ತಾನೆ. ಅದೇ 'ಮಾನಸೋಲ್ಲಾಸ'. ಅದರಲ್ಲಿ ಕ್ಷೀರಪ್ರಕಾರ ಎಂಬ ತಿನಿಸು ಬರುತ್ತದೆ. ಕಾದ ಹಾಲಿಗೆ ಹುಳಿ ಮಜ್ಜಿಗೆ ಹಾಕಿ ಒಡೆಸಬೇಕು, ಬಟ್ಟೆಯಲ್ಲಿ ಸೋಸಬೇಕು, ಉಳಿದ ಗಟ್ಟಿಗೆ ಅಕ್ಕಿಹಿಟ್ಟು ಬೆರೆಸಿ ಉಂಡೆ ಮಾಡಿ ಕರಿಯಬೇಕು, ಸಕ್ಕರೆ ಪಾಕಕ್ಕೆ ಬಿಡಬೇಕು. ಛೇನಾದ ಮಿಠಾಯಿಯ ಕೀರ್ತಿ ಬಂಗಾಳದ್ದು. ಕಲ್ಕತ್ತೆಯ ರಸಗುಲ್ಲಾ ಹತ್ತೊಂಬತ್ತನೆಯ ಶತಮಾನದ್ದು, ಹಾಲು ಒಡೆಸುವುದನ್ನು ಬಂಗಾಳಿಗಳಿಗೆ ಕಲಿಸಿದವರು ಪೋರ್ಚುಗೀಸರು ಎಂದು ಹೇಳುವವರೂ ಇದ್ದಾರೆ. ಬಂಗಾಳದ ಮಿಠಾಯಿ ಅಂಗಡಿಯ ಕೈಚಳಕಕ್ಕೆ ನನ್ನ ಪೂರ್ಣ ನಮಸ್ಕಾರ. ಆದರೆ ಕಲ್ಯಾಣದ ಅರಮನೆಯ ಬಾಣಸಿಗರು ಪೋರ್ಚುಗೀಸರ ಹಡಗು ಈ ಕಡೆ ಮುಖ ಮಾಡುವುದಕ್ಕಿಂತ ಮುನ್ನೂರೈವತ್ತು ವರ್ಷ ಮೊದಲೇ ಹಾಲು ಒಡೆಸುತ್ತಿದ್ದರು. ಇದನ್ನು ನಮ್ಮ ಭಾಗದ ಶಾಲೆಯ ಪುಸ್ತಕಗಳಲ್ಲಿ ಮಕ್ಕಳು ಓದಬೇಕು.

ಪುಸ್ತಕದ ಮಾತು ಬಂತು, ಒಂದು ಗಳಿಗೆ ಚಿತ್ತಾಪುರದಲ್ಲಿ ಇಳಿಯೋಣ. ಊರಿನ ಮಗ್ಗುಲಲ್ಲೇ ನಾಗಾವಿ. ಯಲ್ಲಮ್ಮನ ಜಾತ್ರೆಗೆ ಹೋದವರೆಲ್ಲ ಅಲ್ಲಿನ ಹಾಳುಬಿದ್ದ ಕಂಬಗಳ ಮಂಟಪ ಕಂಡಿರುತ್ತಾರೆ. ಅದು ಘಟಿಕಾಸ್ಥಾನ, ದೊಡ್ಡ ವಿದ್ಯಾಪೀಠ. 1058ರ ಶಾಸನ ಅಲ್ಲಿ ಓದುತ್ತಿದ್ದ ವಿದ್ಯಾರ್ಥಿಗಳ ಲೆಕ್ಕ ಹೇಳುತ್ತದೆ, ವೇದ ಓದುವವರು 200, ಶಾಸ್ತ್ರ ಓದುವವರು 52. ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರು! ಇವತ್ತಿನ ನಮ್ಮ ಎಷ್ಟು ಕಾಲೇಜುಗಳಲ್ಲಿ ಆರು ಮಂದಿ ಗ್ರಂಥಪಾಲಕರಿದ್ದಾರೆ? ಮೂವತ್ತು ವರ್ಷದ ಹಿಂದಷ್ಟೇ ಬರೆದಿದ್ದ 'ಲೋಕೋಪಕಾರ'ದ ಒಂದು ಓಲೆಕಟ್ಟು ಆ ಭಂಡಾರದಲ್ಲಿ ಇದ್ದಿರಬೇಕು ಎಂದು ಕಲ್ಪಿಸಿಕೊಳ್ಳುವುದು ನನಗೆ ಬಲು ಇಷ್ಟ. ಇದಕ್ಕೆ ಆಧಾರ ಕೇಳಬೇಡಿ, ಆಸೆ ಅಷ್ಟೇ. ಇನ್ನೂರೈವತ್ತು ಹುಡುಗರಿಗೆ ದಿನಾ ಅನ್ನ ಹಾಕುವ ಆ ಅಡುಗೆಮನೆಗೆ ಸುತ್ತಲಿನ ಹಳ್ಳಿಗಳಿಂದ ಎಷ್ಟು ಕೊಡ ಹಾಲು ಬರುತ್ತಿತ್ತೋ!

ಇಷ್ಟು ಹಳೆಯ ವಿದ್ಯೆ ಮನೆಮನೆಯಲ್ಲಿ ಯಾಕೆ ಉಳಿಯಲಿಲ್ಲ? ನನಗೆ ಕಾಣುವ ಒಂದು ಕಾರಣ, ಹಾಲು ಒಡೆಯುವುದನ್ನು ನಾವು ಕೇಡು ಎಂದುಕೊಂಡದ್ದು. ಹೊಸ ಮನೆಯಲ್ಲಿ ಹಾಲು ಉಕ್ಕಿದರೆ ಮಂಗಳ, ಒಡೆದರೆ ಅಪಶಕುನ. ಬೆಳಿಗ್ಗೆ ಪಾತೇಲಿಯಲ್ಲಿ ಹಾಲು ಒಡೆದದ್ದು ಕಂಡರೆ "ಅಯ್ಯ, ಹಾಲು ಒಡದಾವಲ್ಲs" ಎಂದು ಅತ್ತೆಯ ಮುಖ ಸಪ್ಪಗಾಗುತ್ತದೆ. ಆದರೂ ನಮ್ಮ ಹೆಣ್ಣುಮಕ್ಕಳು ಅದನ್ನು ಚೆಲ್ಲುವವರಲ್ಲ. ಬೆಲ್ಲ ಹಾಕಿ, ಒಲೆಯ ಮೇಲೆ ತಿರುವಿ, ಯಾಲಕ್ಕಿ ಉದುರಿಸಿ ಮಕ್ಕಳ ಅಂಗೈಗೆ ಹಾಕಿಬಿಡುತ್ತಾರೆ. ಶಕುನವೂ ಉಳಿಯಿತು, ಹಾಲೂ ಉಳಿಯಿತು.

ಒಡೆದ ಹಾಲಿಗೆ ಅಂಜುವ ಇದೇ ಮನೆಗಳಲ್ಲಿ ಎಮ್ಮೆ ಈದಾಗ ಗಿಣ್ಣದ ಸಂಭ್ರಮ. ಕರುವಿನ ಹೊಟ್ಟೆ ಮೊದಲು ತುಂಬಬೇಕು, ಅದು ಧರ್ಮ. ಕರು ಕುಡಿದು ಮಿಕ್ಕ ಹಾಲಿಗೆ ಬೆಲ್ಲ, ಯಾಲಕ್ಕಿ ಬೆರೆಸಿ ಹಬೆಯಲ್ಲಿಟ್ಟರೆ ಹುಳಿಯಿಲ್ಲದೆ, ಹೆಪ್ಪಿಲ್ಲದೆ ತಾನೇ ಗಟ್ಟಿಯಾಗುತ್ತದೆ. ಈದ ಹೊಸತರಲ್ಲಿ ಬರುವ ಹಾಲಿನಲ್ಲಿ ಕರುವಿಗೆ ರೋಗ ತಡೆಯುವ ಶಕ್ತಿ ಕೊಡುವ ಪ್ರೋಟೀನು ಹೇರಳ. ಬಿಸಿ ತಾಗಿದರೆ ಆ ಪ್ರೋಟೀನು ಬಿಗಿದುಕೊಳ್ಳುತ್ತದೆ, ಮೂರು ನಾಲ್ಕು ದಿನದಲ್ಲಿ ಹಾಲು ತಿಳಿಯಾದ ಮೇಲೆ ಆ ಗುಣ ಹೋಗುತ್ತದೆ. ಓಣಿಯ ತುಂಬ ಗಿಣ್ಣದ ಬಟ್ಟಲು ಹೋಗುತ್ತವೆ. ಆ ಬಟ್ಟಲನ್ನು ಬರಿದಾಗಿ ಮರಳಿಸದೆ ಒಂದು ಹಿಡಿ ಕಾಳೋ ಬೆಲ್ಲವೋ ಹಾಕಿ ಕಳಿಸುವ ಮನೆಗಳಿವೆ. ಗಿಣ್ಣ ತಿಂದವರು ಯಾರೂ ಚೀಸು ಪರದೇಶದ್ದು ಎನ್ನಬಾರದು. ಹಾಲು ಗಟ್ಟಿಯಾಗುವ ಸುಖ ನಮ್ಮ ನಾಲಗೆಗೆ ಚೆನ್ನಾಗಿ ಗೊತ್ತು.

ಇನ್ನು ಮಾಡುವ ಮಾತು. ಮೊದಲು ಹಾಲು. ನಮ್ಮ ಭಾಗದ ಆಕಳು ದೇವಣಿ. ಲಾತೂರು, ಬೀದರ, ಕಲಬುರಗಿ ಸೀಮೆಯ ತಳಿ, ಉಳುಮೆಗೂ ಸೈ ಹಾಲಿಗೂ ಸೈ. ಮೈ ಪೂರಾ ಬಿಳಿಯಾದರೆ ಬಾಲಂಕ್ಯಾ, ಬಿಳಿ ಮೈಗೆ ಮುಖದ ಬದಿ ಕಪ್ಪಾದರೆ ವಾನ್ನೇರಾ, ಮೈತುಂಬ ಕಪ್ಪು ಮಚ್ಚೆಯಿದ್ದರೆ ಶೇವೇರಾ. ಚಿಂಚೋಳಿ ಗುಡ್ಡದ ಕಡೆಯ ತಾಂಡಾಗಳಲ್ಲಿ, 2011ರಲ್ಲಿ ವನ್ಯಧಾಮವಾದ ಆ ಕಾಡಿನ ಅಂಚಿನಲ್ಲಿ, ಸಂಜೆ ದನಗಳು ಇಳಿದು ಬರುವುದನ್ನು ನೋಡುವುದೇ ಒಂದು ಹಬ್ಬ. ಆಕಳ ಹಾಲಿನಿಂದ ಮೆತ್ತನೆಯ, ಹಗುರವಾದ ಗಿಣ್ಣು ಬರುತ್ತದೆ. ಸಿಹಿ ಉಂಡೆಗೆ ಅದೇ ಸರಿ. ಹೋಳಾಗಿ ಕತ್ತರಿಸುವ ಪನೀರಿಗೆ ಎಮ್ಮೆ ಹಾಲೇ ಬೇಕು. ಆಕಳ ಹಾಲಿನಲ್ಲಿ ಕೊಬ್ಬು ನೂರಕ್ಕೆ ನಾಲ್ಕರ ಆಸುಪಾಸು, ಎಮ್ಮೆ ಹಾಲಿನಲ್ಲಿ ಏಳರ ಹತ್ತಿರ. ಸುಣ್ಣದ ಅಂಶವೂ ಎಮ್ಮೆ ಹಾಲಿನಲ್ಲೇ ಹೆಚ್ಚು. ಒಂದು ಲೀಟರ್ ಎಮ್ಮೆ ಹಾಲಿಗೆ ಸುಮಾರು 200 ಗ್ರಾಂ ಪನೀರು ಬರುತ್ತದೆ. ಚಾವುಂಡರಾಯ ಎರಡೂ ವಿಧಾನಕ್ಕೆ ಎಮ್ಮೆ ಹಾಲನ್ನೇ ಹೇಳಿದ್ದು ಸುಮ್ಮನೆ ಅಲ್ಲ.

ಗೌಳಿಗರಿಗೆ ಮಾತ್ರ ಈ ಕೆಲಸಕ್ಕೆಂದು ಹೇಳಿ ಹಾಲು ತರಿಸುವುದು ಕಷ್ಟ. "ಯಕ್ಕಾ, ಇಷ್ಟ್ ಛಲೋ ಹಾಲು ಒಡಸ್ತೀರಿ? ಹೆಪ್ಪ ಹಾಕ್ರಿ, ಕೆನಿ ಹೆಂಗ್ ಬರ್ತದ ನೋಡ್ರಿ" ಎಂದು ಅವರ ಜೀವ ಮಿಡುಕುತ್ತದೆ. ಆ ಮಾತಿನ ಹಿಂದಿನ ಅಕ್ಕರೆಯನ್ನು ನಾನು ಗೌರವಿಸುತ್ತೇನೆ. ಮುಂದಿನ ಸಲ ಹಾಲು ಹಾಕಲು ಬಂದಾಗ ಅವರ ಕೈಗೂ ಒಂದು ತುಣುಕು ಕೊಡಿ, ಮಾತು ಬದಲಾಗುತ್ತದೆ. ಪ್ಯಾಕೆಟ್ ಹಾಲಾದರೆ ಕೆನೆ ತೆಗೆಯದ್ದನ್ನೇ ತೆಗೆದುಕೊಳ್ಳಿ.

ಹಾಲನ್ನು ದಪ್ಪ ತಳದ ಪಾತೇಲಿಯಲ್ಲಿ ಚೆನ್ನಾಗಿ ಕುದಿ ಬರಿಸಿ ಇಳಿಸಿ. ಎರಡು ನಿಮಿಷ ಬಿಡಿ, ಬುಸುಗುಡುವುದು ನಿಲ್ಲಲಿ. 75, 80 ಡಿಗ್ರಿಯ ಬಿಸಿ ಸಾಕು. ಲೀಟರಿಗೆ ಎರಡು ದೊಡ್ಡ ಚಮಚ ಲಿಂಬೆ ರಸ, ಅಷ್ಟೇ ಬಿಸಿನೀರು ಬೆರೆಸಿ, ಸಣ್ಣಗೆ ಸುರಿಯುತ್ತ ಮೆಲ್ಲಗೆ ತಿರುವಿ. ಜೋರಾಗಿ ತಿರುವಿದರೆ ಗಿಣ್ಣು ಪುಡಿಪುಡಿಯಾಗುತ್ತದೆ. ಮೊದಲು ಅಲ್ಲಲ್ಲಿ ಮೋಡ ಕಟ್ಟಿದಂತೆ ಕಾಣುತ್ತದೆ, ಆಮೇಲೆ ಒಮ್ಮೆಲೇ ಬಿಳಿ ಒಂದು ಕಡೆ, ತಿಳಿಹಸಿರು ನೀರು ಒಂದು ಕಡೆ. ಅಲ್ಲಿಗೆ ಹುಳಿ ಹಾಕುವುದನ್ನು ನಿಲ್ಲಿಸಿ. ಇನ್ನೂ ಹಾಕಿದರೆ ಗಿಣ್ಣು ರಬ್ಬರಿನ ಹಾಗೆ ಬಿಗಿಯುತ್ತದೆ, ಲಿಂಬೆಯ ವಾಸನೆಯೂ ಉಳಿಯುತ್ತದೆ. ಲಿಂಬೆ ಇಲ್ಲದಿದ್ದರೆ 'ಮಾನಸೋಲ್ಲಾಸ' ಹೇಳಿದ ಹುಳಿ ಮಜ್ಜಿಗೆ ಇದೆಯಲ್ಲ, ನನ್ನ ನಾಲಗೆಗೆ ಅದೇ ಹೆಚ್ಚು ಒಪ್ಪಿಗೆ. ಎರಡು ದಿನ ಹುಳಿ ಬಂದ ಮಜ್ಜಿಗೆ ಲೀಟರಿಗೆ ಒಂದು ದೊಡ್ಡ ಲೋಟದಷ್ಟು ಬೇಕಾದೀತು. ಮಜ್ಜಿಗೆಯಿಂದ ಒಡೆದ ಹಾಲಿನ ಗಿಣ್ಣು ಮೆದು, ಹಾಲಿನ ಸಿಹಿ ಅದರಲ್ಲಿ ಉಳಿದಿರುತ್ತದೆ.

ಹಳೆಯ ಧೋತರದ ಅರಿವೆಯಷ್ಟು ಒಳ್ಳೆಯ ಸೋಸು ಬಟ್ಟೆ ಇನ್ನೊಂದಿಲ್ಲ. ಒಗೆದು ಕುದಿಸಿದ ಅರಿವೆಯಲ್ಲಿ ಸೋಸಿ, ತಣ್ಣೀರು ಹನಿಸಿ ಹುಳಿ ತೆಗೆದು, ಗಂಟು ಕಟ್ಟಿ ಭಾರ ಹೇರಿ. ಭಾರಕ್ಕೇನು ಎಂಬ ಪ್ರಶ್ನೆ ನಮ್ಮ ಭಾಗದಲ್ಲಿ ಏಳಬಾರದು. ಶಹಾಬಾದ ಪರ್ಸಿ ಇಲ್ಲದ ಮನೆ ಯಾವುದಿದೆ? ಅಂಗಳ, ಪಡಸಾಲೆ, ಮೆಟ್ಟಿಲು, ಅಡುಗೆಮನೆಯ ಕಟ್ಟೆ, ಕೊನೆಗೆ ಛತ್ತು ಕೂಡ ಅದೇ ಕಲ್ಲು. ಒಡೆದುಳಿದ ಅಂಗೈಯಗಲದ ತುಂಡೊಂದು ಎಲ್ಲರ ಹಿತ್ತಿಲಲ್ಲೂ ಇರುತ್ತದೆ. ಎರಡು ಮೂರು ಕಿಲೋ ತೂಕದ ತುಂಡನ್ನು ಅರ್ಧ ತಾಸು ಹೇರಿದರೆ ಹೋಳಾಗುವ ಪನೀರು ಸಿದ್ಧ.

ಆದರೆ ಒಂದು ಎಚ್ಚರ. ಪರ್ಸಿ ಸುಣ್ಣದ ಕಲ್ಲು. ಭೀಮಾ ಕಣಿವೆಯ ತಳದಲ್ಲಿ ಕೋಟ್ಯಂತರ ವರ್ಷದ ಹಿಂದೆ ಪದರ ಪದರವಾಗಿ ಕೂತ ಸುಣ್ಣ ಅದು; ಅದನ್ನೇ ಸುಟ್ಟು ಪುಡಿ ಮಾಡಿ ವಾಡಿಯಲ್ಲಿ, ಸೇಡಮಿನಲ್ಲಿ, ಮಳಖೇಡದಲ್ಲಿ ಸಿಮೆಂಟ್ ತೆಗೆಯುತ್ತಾರೆ. ಸುಣ್ಣಕ್ಕೆ ಹುಳಿ ಆಗಿಬರುವುದಿಲ್ಲ. ನಯ ಮಾಡಿದ ಕಟ್ಟೆಯ ಮೇಲೆ ಲಿಂಬೆ ರಸವೋ ಒಡೆದ ಹಾಲಿನ ನೀರೋ ಬಿದ್ದು ನಿಂತರೆ ಹೊಳಪು ಹೋಗಿ ಬೆಳ್ಳಗಿನ ಕಲೆ ಕೂಡುತ್ತದೆ, ಎಷ್ಟು ತಿಕ್ಕಿದರೂ ಹೋಗದು. ಹಾಗಾಗಿ ಗಂಟನ್ನು ಸ್ಟೀಲಿನ ತಾಟಿನಲ್ಲಿಟ್ಟು, ಮೇಲೊಂದು ತಾಟು ಮುಚ್ಚಿ, ಅದರ ಮೇಲೆ ಕಲ್ಲಿಡಿ. ಹಾಲಿನ ಗಿಣ್ಣನ್ನು ಬಿಗಿಯಾಗಿ ಹಿಡಿದಿಡುವುದೂ ಸುಣ್ಣದ ಅಂಶವೇ, ನಮ್ಮ ನೆಲವನ್ನು ಹಿಡಿದಿಟ್ಟದ್ದೂ ಅದೇ. ಈ ಎರಡನ್ನೂ ಒಟ್ಟಿಗೆ ನೆನೆದಾಗ ನನಗೆ ಪ್ರತಿ ಸಲ ಸಂತೋಷವಾಗುತ್ತದೆ.

ಸೋಸಿದ ನೀರು ಬಚ್ಚಲಿಗೆ ಹೋಗಕೂಡದು. ಹಾಲಿನ ಸಕ್ಕರೆ, ಲವಣ, ಒಂದಿಷ್ಟು ಪ್ರೋಟೀನು ಅದರಲ್ಲೇ ಉಳಿದಿರುತ್ತವೆ. ಚಪಾತಿ ಹಿಟ್ಟು ಅದರಲ್ಲಿ ಕಲಸಿದರೆ ಮೆತ್ತಗಾಗುತ್ತದೆ. ಅದನ್ನೇ ಕುದಿಸಿ ಎಸರಿನ ಬದಲು ಜೋಳದ ಹಿಟ್ಟಿಗೆ ಹಾಕಿ ನಾದಿದರೆ ರೊಟ್ಟಿಗೊಂದು ಸಣ್ಣ ಹುಳಿ ಬಂದು ರುಚಿ ಏರುತ್ತದೆ. ಬೇಳೆಗೆ ಹಾಕುವವರು ಮಾತ್ರ ತಾಳಬೇಕು. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಕಲಬುರಗಿ ತೊಗರಿ ಬೇಗ ಬೇಯುವ ಬೇಳೆ ಎಂದು ಹೆಸರು ಮಾಡಿದ್ದು. ಆದರೆ ಹುಳಿ ನೀರಿನಲ್ಲಿ ಯಾವ ಬೇಳೆಯೂ ಬೇಗ ಮೆತ್ತಗಾಗುವುದಿಲ್ಲ. ಬೇಳೆ ಪೂರಾ ಬೆಂದ ಮೇಲೆ ಈ ನೀರು ಹಾಕಿ ಒಂದು ಕುದಿ ಕುದಿಸಿದರೆ ಹುಣಸೆ ಹಣ್ಣು ಅರ್ಧಕ್ಕೆ ಇಳಿಸಬಹುದು.

ಒಲೆಯ ಮುಂದೆ ನಿಲ್ಲಲು ಬೇಸರಪಡುವವರಿಗೆ ಇನ್ನೂ ಸುಲಭದ್ದು ಚಕ್ಕಾ. ಶ್ರೀಖಂಡ ಮಾಡುವ ಎಲ್ಲ ಮನೆಯವರಿಗೂ ಇದು ಗೊತ್ತು. ಗಟ್ಟಿ ಮೊಸರನ್ನು ಅರಿವೆಯಲ್ಲಿ ಕಟ್ಟಿ ರಾತ್ರಿ ತೂಗುಹಾಕಿದರೆ ಬೆಳಿಗ್ಗೆ ನೀರಿಳಿದು ಬೆಣ್ಣೆಯಂಥ ಚಕ್ಕಾ ಸಿಗುತ್ತದೆ. ಬೇಸಿಗೆಯಲ್ಲಿ ಹೊರಗೆ ತೂಗಿದರೆ ಹುಳಿ ವಿಪರೀತ, ಫ್ರಿಜ್ಜಿನಲ್ಲೇ ಸೋಸಲು ಬಿಡಿ. ನಾವು ಇದಕ್ಕೆ ಸಕ್ಕರೆ ಕೂಡಿಸುವುದನ್ನಷ್ಟೇ ಕಲಿತೆವು. ಲೆಬನಾನು, ಸಿರಿಯಾದ ಜನ ಇದಕ್ಕೆ ಉಪ್ಪು ಕೂಡಿಸಿ ಲಬ್ನೆ ಎಂದು ಕರೆದು, ಲಿಂಬೆಗಾತ್ರದ ಉಂಡೆ ಕಟ್ಟಿ ಆಲಿವ್ ಎಣ್ಣೆಯಲ್ಲಿ ಮುಳುಗಿಸುತ್ತಾರೆ. ನಮಗೆ ಆಲಿವ್ ಯಾಕೆ? ಕುಸುಬಿ ಎಣ್ಣೆ ಇದೆ. ಜೋಳದ ಹೊಲದ ಅಕ್ಕಡಿಯಲ್ಲಿ ಕುಸುಬಿ ಹಾಕುತ್ತಿದ್ದ ಸೀಮೆ ಇದು. ಈಗ ಬೆಳೆ ಕಡಿಮೆಯಾಗಿದ್ದರೂ ಗಾಣದ ಕುಸುಬಿ ಎಣ್ಣೆ ಹುಡುಕಿದರೆ ಸಿಗುತ್ತದೆ. ಉಪ್ಪು ಹಾಕಿದ ಚಕ್ಕಾದ ಉಂಡೆಗೆ ಕುಟ್ಟಿದ ಒಣಮೆಣಸಿನಕಾಯಿ, ಜೀರಿಗೆ ಹೊರಳಿಸಿ, ಗಾಜಿನ ಭರಣಿಯಲ್ಲಿಟ್ಟು ಕುಸುಬಿ ಎಣ್ಣೆ ತುಂಬಿ. ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ದಿನಗಟ್ಟಲೆ ಹೊರಗಿಡುವುದು ಅಪಾಯ, ಅದರಲ್ಲಿ ವಿಷ ಹುಟ್ಟಬಹುದು. ಬೆಳ್ಳುಳ್ಳಿ ಬೇಕೆಂದವರು ತಿನ್ನುವಾಗ ಹಾಕಿಕೊಳ್ಳಲಿ.

ತಿನ್ನುವ ಮಾತಿಗೆ ಬಂದರೆ ನನಗೆ ತಡೆಯಲಾಗದು. ಹೆಂಚಿನಿಂದ ಇಳಿದ ಬಿಸಿ ಜೋಳದ ರೊಟ್ಟಿ, ಅದರ ಮೇಲೆ ಕೈಯಿಂದ ಮುರಿದು ಹಾಕಿದ, ಇನ್ನೂ ಬೆಚ್ಚಗಿರುವ ಗಿಣ್ಣು, ಹರಳುಪ್ಪಿನ ಪುಡಿ, ಗುರೆಳ್ಳ ಹಿಂಡಿ, ನಾಲ್ಕು ಹನಿ ಕುಸುಬಿ ಎಣ್ಣೆ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಹಸಿ ಮೆಂತ್ಯದ ಸೊಪ್ಪು. ಇದಕ್ಕಿಂತ ಒಳ್ಳೆಯ ಬೆಳಗಿನ ಊಟ ನನಗೆ ಗೊತ್ತಿಲ್ಲ. ಪುಂಡಿ ಪಲ್ಯದ ಹುಳಿಗೆ ಚಕ್ಕಾದ ತಂಪು ಚೆನ್ನಾಗಿ ಒಪ್ಪುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಬಂದು ಕೂತಾಗ, ಹತ್ತಾರು ಕಾಳು, ಹತ್ತಾರು ಸೊಪ್ಪು ಕೂಡಿಸಿ ಮಾಡಿದ ಭಜ್ಜಿ ಎಲೆಯಲ್ಲಿರುವಾಗ, ಅದರ ಮಗ್ಗುಲಿಗೆ ಒಂದು ಹೋಳು ಹಸಿ ಪನೀರು ಇಟ್ಟು ನೋಡಿ. ಪೇಟೆಯ ಹೋಟೆಲಿನವರು ಪನೀರನ್ನು ಕೆಂಪು ಗೊಜ್ಜಿನಲ್ಲಿ ಮುಳುಗಿಸಿ, ಅದರ ಸ್ವಂತ ರುಚಿ ನಾಲಗೆಗೆ ತಾಗದಂತೆ ಮಾಡಿಬಿಟ್ಟಿದ್ದಾರೆ. ಮಾಡಿದ ದಿನವೇ, ಏನೂ ಹಾಕದೆ, ಉಪ್ಪಿನೊಂದಿಗೆ ತಿಂದವರಿಗೆ ಮಾತ್ರ ಎಮ್ಮೆ ಹಾಲಿನ ಸಿಹಿ ಎಂಥದ್ದೆಂದು ತಿಳಿಯುತ್ತದೆ.

ಅಂಗಡಿಯ ಚೀಸಿನ ಬಗ್ಗೆ ನನಗೆ ಸಿಟ್ಟಿಲ್ಲ. ದೋಸೆಯ ಮೇಲೆ ಹೆರೆದು ಹಾಕುವ ಆ ಹಳದಿ ಗಟ್ಟಿಯನ್ನು ಮಕ್ಕಳು ಪ್ರೀತಿಯಿಂದ ತಿನ್ನುತ್ತಾರೆ, ತಿನ್ನಲಿ. ಹದಗೊಂಡ ಚೀಸನ್ನು ಕರಗಿಸಿ, ಕೆಲವು ಲವಣ ಕೂಡಿಸಿ ಮತ್ತೆ ಅಚ್ಚಿಗೆ ಹೊಯ್ದು ಮಾಡುವ ಸಂಸ್ಕರಿತ ಚೀಸು ಅದು. 1911ರಲ್ಲಿ ಸ್ವಿಟ್ಜರ್ಲೆಂಡಿನವರು ಕಂಡುಹಿಡಿದದ್ದು. ಬಿಸಿ ದೇಶಕ್ಕೆ ಕಳಿಸಿದರೂ ಬೇಗ ಕೆಡದ ಚೀಸು ಬೇಕೆಂಬ ಯೋಚನೆ ಅದರ ಹಿಂದೆ ಇತ್ತು. ಕೊಳ್ಳುವಾಗ ಚೀಟಿ ಓದಿ ಎನ್ನುವುದಷ್ಟೇ ನನ್ನ ಮಾತು. ಹಾಲಿನ ಕೊಬ್ಬಿನ ಬದಲು ಪಾಮ್ ಎಣ್ಣೆ ಹಾಕಿದ, ಚೀಸಿನ ವೇಷದ ಪದಾರ್ಥಗಳೂ ಪನೀರಿನ ವೇಷದವೂ ಮಾರುಕಟ್ಟೆಯಲ್ಲಿವೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳದೇ ಹಾಲು ಒಕ್ಕೂಟ ಇರುವಾಗ, ನಮ್ಮ ರೈತರ ಹಾಲು ಕೈಗೆಟಕುವಾಗ, ಎಣ್ಣೆಯ ಗಟ್ಟಿಗೆ ದುಡ್ಡು ಕೊಡುವುದು ನನಗೆ ಸರಿ ಕಾಣದು.

ಇನ್ನೂ ಮುಂದೆ ಹೋಗಬಯಸುವವರಿಗೆ ರೆನೆಟ್ ಇದೆ. ಹಿಂದೆ ಅದನ್ನು ಹಾಲುಕುಡಿಯುವ ಕರುವಿನ ಹೊಟ್ಟೆಯ ಒಳಪದರದಿಂದ ತೆಗೆಯುತ್ತಿದ್ದರು. ಈಗ ಸೂಕ್ಷ್ಮಜೀವಿಗಳಿಂದ ತೆಗೆದ ಸಸ್ಯಾಹಾರಿ ರೆನೆಟ್ ಸಿಗುತ್ತದೆ. ಇದಕ್ಕೆ ಕುದಿಸಿದ ಹಾಲು ನಡೆಯದು, ಹೆಪ್ಪು ಸಡಿಲವಾಗುತ್ತದೆ. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಉಳಿಯುವ ಹಾಲಂತೂ ಬೇಡವೇ ಬೇಡ. ಹಾಗೆಂದು ಹಸಿ ಹಾಲನ್ನು ಹಾಗೇ ಬಳಸಿದರೆ ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗದ ಭಯ. ಮಧ್ಯದ ದಾರಿ, 63 ಡಿಗ್ರಿಯಲ್ಲಿ ಅರ್ಧ ತಾಸು ಹಿಡಿದಿಟ್ಟು ತಣಿಸುವುದು. ಆಮೇಲೆ 32, 35 ಡಿಗ್ರಿಗೆ ರೆನೆಟ್ ಹಾಕಿದರೆ ಹಾಲು ಅಲುಗದಂತೆ ಹೆಪ್ಪುಗಟ್ಟುತ್ತದೆ, ಚಾಕುವಿನಿಂದ ಕತ್ತರಿಸಬಹುದು. ಆ ಹೆಪ್ಪಿಗೆ ತಕ್ಕ ಹುಳಿ ಬಂದ ಮೇಲೆ ಬಿಸಿನೀರಿನಲ್ಲಿ ಅದ್ದಿ ಎಳೆದರೆ ಮೊಜರೆಲ್ಲ. ಇಟಲಿಯ ಕಂಪಾನಿಯಾದವರು ತಮ್ಮ ಅತ್ಯುತ್ತಮ ಮೊಜರೆಲ್ಲ ಮಾಡುವುದು ಎಮ್ಮೆ ಹಾಲಿನಿಂದಲೇ. ಬೆಂಗಳೂರಿನಲ್ಲಿ ವಲ್ಲೊಂಬ್ರೋಸ ಪಂಗಡದ ಕ್ರೈಸ್ತ ಸನ್ಯಾಸಿಗಳು ಇಟಲಿಯ ಈ ವಿದ್ಯೆ ಕಲಿತು ಮೊಜರೆಲ್ಲ, ಬುರ್ರಾಟ ಮಾಡುತ್ತಾರೆ. ಎಮ್ಮೆಗಳ ಸೀಮೆಯಾದ ನಮ್ಮಲ್ಲೂ ಯಾರಾದರೂ ಈ ಕೆಲಸಕ್ಕೆ ಕೈ ಹಾಕಬೇಕು.

ಗಿಡದಿಂದ ಹಾಲು ಹೆಪ್ಪಾಗುವುದು ಚಾವುಂಡರಾಯನ ಕಲ್ಪನೆ ಇರಬಹುದೇ ಎಂದು ಅನುಮಾನಪಡುವವರಿಗೆ ಒಂದೆರಡು ಮಾತು. ಪೋರ್ಚುಗಲ್ಲಿನ ಕುರಿಗಾಹಿಗಳು ಒಂದು ಜಾತಿಯ ಮುಳ್ಳುಹೂವಿನಿಂದ ಇವತ್ತಿಗೂ ಕುರಿ ಹಾಲಿನ ಚೀಸು ಮಾಡುತ್ತಾರೆ. ಅಂಜೂರದ ಹಾಲಿನಿಂದ ಹಾಲು ಗಟ್ಟಿಯಾಗುವುದನ್ನು ಗ್ರೀಕರ 'ಇಲಿಯಡ್' ಬಲ್ಲದು. ಪಶ್ಚಿಮ ಆಫ್ರಿಕದ ಫುಲಾನಿ ದನಗಾಹಿಗಳು ಬಳಸುವುದು ಎಕ್ಕದ ಜಾತಿಯ ಗಿಡವನ್ನು. ನಮ್ಮ ಹನುಮಪ್ಪನ ಗುಡಿಯ ಹಿಂದೆ ಬೆಳೆಯುವ ಅದೇ ಎಕ್ಕ! ದಯವಿಟ್ಟು ಇದನ್ನು ಓದಿ ಎಕ್ಕದ ಹಾಲು ಹಿಂಡಲು ಹೋಗಬೇಡಿ. ಅದು ವಿಷ, ಕಣ್ಣಿಗೆ ಬಿದ್ದರೆ ಕಣ್ಣಿಗೆ ಅಪಾಯ. ಫುಲಾನಿಗಳಿಗೆ ಅದರ ಅಳತೆ ತಲೆಮಾರುಗಳಿಂದ ಗೊತ್ತು, ನಮಗೆ ಗೊತ್ತಿಲ್ಲ.

ಅಳತೆ ಗೊತ್ತು ಮಾಡುವ ಕೆಲಸ ಯಾರದ್ದು ಎಂದು ಯೋಚಿಸಿದಾಗ ನನಗೆ ನೆನಪಾಗುವುದು ಮಹಾಗಾಂವ್ ಕ್ರಾಸಿನ ಡೇರಿ ವಿಜ್ಞಾನ ಕಾಲೇಜು. ಕಲಬುರಗಿಯಿಂದ ಹುಮನಾಬಾದ್ ದಾರಿಯಲ್ಲಿದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹಾಲಿನ ಶಾಸ್ತ್ರ ಓದುವ ಹುಡುಗ ಹುಡುಗಿಯರು ಅಲ್ಲಿದ್ದಾರೆ, ಪ್ರಯೋಗಶಾಲೆ ಇದೆ, ಸುತ್ತ ಎಮ್ಮೆಗಳಿವೆ, ಹೊಲದ ಬದುವಿನಲ್ಲಿ ಮುದ್ರೆ ಗಿಡ ಇದೆ, ರಾಜಗಿರಿಯ ಬೇರು ಪ್ರತಿ ಸಂತೆಯಲ್ಲೂ ಸೊಪ್ಪಿನ ಕಟ್ಟಿನ ಜೊತೆ ಬರುತ್ತದೆ. ಅಲ್ಲಿನ ಗುರುಗಳಿಗೆ, ವಿದ್ಯಾರ್ಥಿಗಳಿಗೆ ಕೈಮುಗಿದು ಕೇಳುತ್ತೇನೆ. 'ಲೋಕೋಪಕಾರ'ದ ಆ ಎರಡು ವಿಧಾನಗಳನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಯಾವ ಬೇರು, ಎಷ್ಟು ಬಿಸಿ, ಎಷ್ಟು ಹೊತ್ತು, ತಿಂದವರ ಹೊಟ್ಟೆಗೆ ಹಿತವೋ ಅಲ್ಲವೋ, ಎಲ್ಲವನ್ನೂ ಅಳೆದು ಕನ್ನಡದಲ್ಲಿ ಬರೆದು ಕೊಡಿ. ಸರಿಬಂದರೆ ಅದಕ್ಕೆ ಹಾಲುವುಗ ಎಂದೇ ಹೆಸರಿಡಿ, ಮೊದಲ ಗಟ್ಟಿಯನ್ನು ಮಳಖೇಡದ ಸಂತೆಗೆ ಕಳಿಸಿ. ಕೊಳ್ಳಲು ನಾವಿದ್ದೇವೆ.